ಹಾಕ್ ಇಳಿದ ಮೇಲೆ ನಮ್ಮ ವಿಮಾನ

ಬೀದರಿನಲ್ಲಿ ಓದಿ ಬೆಳೆದವರಿಗೆ ಒಂದು ಅಭ್ಯಾಸ ಯಾರೂ ಕಲಿಸದೆ ಬಂದಿರುತ್ತದೆ. ಮಾತಾಡುತ್ತಿರುವಾಗ ತಲೆಯ ಮೇಲೆ ಜೆಟ್ ಮೊರೆದರೆ ಅರ್ಧಕ್ಕೇ ನಿಲ್ಲಿಸುತ್ತೇವೆ. ಸದ್ದು ಕೋಟೆಯಾಚೆ ಇಳಿದ ಮೇಲೆ, ಬಿಟ್ಟ ಪದದಿಂದಲೇ ಮತ್ತೆ ಶುರು. ನಮ್ಮ ಗಣಿತದ ಮೇಷ್ಟ್ರು ಸೀಮೆಸುಣ್ಣವನ್ನು ಬೋರ್ಡಿಗೆ ಒತ್ತಿ ಹಿಡಿದೇ ಕಾಯುತ್ತಿದ್ದರು. ಕೈ ತೆಗೆದರೆ ಲೆಕ್ಕ ಎಲ್ಲಿಗೆ ನಿಂತಿತ್ತೆಂಬುದು ಮರೆತುಹೋಗುತ್ತದೆ ಎನ್ನುತ್ತಿದ್ದರು. ನಾವು ಹುಡುಗರು ಕಿಟಕಿಯತ್ತ ಕತ್ತು ಚಾಚಿ ಎಣಿಸುತ್ತಿದ್ದೆವು. ಒಂಬತ್ತು ಬಂದರೆ ವಾಯುಪಡೆಯ ಆಕಾಶ ಕಸರತ್ತಿನ ಸೂರ್ಯಕಿರಣ ತಂಡ. ಒಂದೇ ಬಂದರೆ ಯಾರೋ ಕಲಿಯುವ ಹುಡುಗ.

ಹೀಗೆ ದಿನವೂ ವಿಮಾನ ನೋಡುತ್ತ ದೊಡ್ಡವರಾದ ನಾವು ಬೆಂಗಳೂರಿಗೆ ಹೋಗುತ್ತಿದ್ದದ್ದು ರಾತ್ರಿ ಬಸ್ಸಿನಲ್ಲಿ, ಇಲ್ಲವೇ ರೈಲಿನಲ್ಲಿ. ಹತ್ತಿರಹತ್ತಿರ 700 ಕಿ.ಮೀ. ಅವಸರವಿದ್ದು ಕೈಯಲ್ಲಿ ದುಡ್ಡೂ ಇದ್ದವರು ಕಾರು ಮಾಡಿಕೊಂಡು ಹೈದರಾಬಾದಿಗೆ ಹೋಗಿ ಅಲ್ಲಿಂದ ವಿಮಾನ ಹತ್ತುತ್ತಿದ್ದರು. ಊರಂಚಿನಲ್ಲೇ ವಾಯುಪಡೆಯ ರನ್‌ವೇ ಇತ್ತು. ಅದನ್ನು ಬಿಟ್ಟು ಇನ್ನೊಂದು ರಾಜ್ಯದ ರನ್‌ವೇ ಹುಡುಕಿಕೊಂಡು ಹೋಗಬೇಕಿತ್ತು. ನಕ್ಷೆಯಲ್ಲಿ ಕರ್ನಾಟಕದ ಕಿರೀಟ ಎಂದು ಕರೆಸಿಕೊಳ್ಳುವ ಜಿಲ್ಲೆಯ ಜನ ತಮ್ಮ ರಾಜಧಾನಿಯನ್ನು ಮುಟ್ಟುತ್ತಿದ್ದ ರೀತಿ ಇದು.

2020ರ ಫೆಬ್ರುವರಿ 7ರಂದು ಅಂದಿನ ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪ ಬೀದರಿನ ನಾಗರಿಕ ಟರ್ಮಿನಲ್ ಉದ್ಘಾಟಿಸಿದರು. ಟ್ರೂಜೆಟ್ ಸಂಸ್ಥೆಯ ಎಟಿಆರ್-72, ಎರಡು ಪ್ರೊಪೆಲರ್‌ಗಳ ಸಾಧಾರಣ ವಿಮಾನ, ಬೆಂಗಳೂರಿಗೂ ಬೀದರಿಗೂ ನಡುವೆ ಹಾರತೊಡಗಿತು. ಊರೆಲ್ಲ ‘ವಿಮಾನ ನಿಲ್ದಾಣ ಬಂತು’ ಎಂದು ಸಂಭ್ರಮಿಸಿತು. ಆ ರನ್‌ವೇ ಅಲ್ಲಿದ್ದು ಏಳು ದಶಕ ದಾಟಿತ್ತು. ಟರ್ಮಿನಲ್ ಕಟ್ಟಡ ಕೂಡ ಆ ಉದ್ಘಾಟನೆಗೂ ಎಷ್ಟೋ ವರ್ಷ ಮೊದಲೇ ಎದ್ದು ನಿಂತು ಖಾಲಿ ಬಿದ್ದಿತ್ತು. ಆ ಫೆಬ್ರುವರಿಯಲ್ಲಿ ನಮಗೆ ಸಿಕ್ಕಿದ್ದು ದಿನದಲ್ಲಿ ಒಂದಿಷ್ಟು ಹೊತ್ತು. ವಾಯುಪಡೆಯ ಗಡಿಯಾರದಲ್ಲಿ ನಮ್ಮದೆಂದು ಗುರುತು ಹಾಕಿದ ಕೆಲವು ನಿಮಿಷಗಳು. ಸೇನೆ ಮತ್ತು ಸಾರ್ವಜನಿಕರು ಹಂಚಿಕೊಳ್ಳುವ ವಿಮಾನ ನಿಲ್ದಾಣದಲ್ಲಿ ಎಲ್ಲವೂ ನಿಂತಿರುವುದು ಆ ನಿಮಿಷಗಳ ಮೇಲೆ.

ಬೀದರ್ ಕೂತಿರುವುದು ಸಮುದ್ರಮಟ್ಟದಿಂದ ಸುಮಾರು 660 ಮೀಟರ್ ಎತ್ತರದ ಜಂಬಿಟ್ಟಿಗೆಯ ಪ್ರಸ್ಥಭೂಮಿಯ ಮೇಲೆ. ಕೆಂಪು, ಗಟ್ಟಿ, ಸಪಾಟು ನೆಲ. ಅಂಚಿಗೆ ಬಂದರೆ ಒಮ್ಮೆಲೇ ಇಳಿಜಾರು. 15ನೇ ಶತಮಾನದಲ್ಲಿ ಬಹಮನಿ ಸುಲ್ತಾನರು ಕಲಬುರಗಿ ಬಿಟ್ಟು ಇಲ್ಲಿಗೆ ರಾಜಧಾನಿ ತಂದದ್ದಕ್ಕೆ ಈ ನೆಲದ ಎತ್ತರವೂ ಒಂದು ಕಾರಣ. ಸುತ್ತಲಿನ ಬಯಲಿನಲ್ಲಿ ಯಾರು ಬಂದರೂ ಮೇಲಿನಿಂದ ಕಾಣುತ್ತದೆ. ಐನೂರು ವರ್ಷಗಳ ಮೇಲೆ, ಎರಡನೇ ಮಹಾಯುದ್ಧದ ದಿನಗಳಲ್ಲಿ, ಅದೇ ಸಪಾಟು ನೆಲ ವಿಮಾನಗಳಿಗೆ ಒದಗಿತು. ಆಗ ಇದು ನಿಜಾಮನ ಹೈದರಾಬಾದ್ ಸಂಸ್ಥಾನ.

ಆ ರನ್‌ವೇಯ ಮೊದಲ ಹತ್ತು ವರ್ಷಗಳಲ್ಲೇ ಒಂದು ಕಳ್ಳಸಾಗಣೆಯ ಅಧ್ಯಾಯವಿದೆ. 1948ರಲ್ಲಿ ಸಂಸ್ಥಾನ ಭಾರತದ ಒಕ್ಕೂಟಕ್ಕೆ ಸೇರದೆ ಹಟ ಹಿಡಿದಿದ್ದಾಗ ಆಸ್ಟ್ರೇಲಿಯಾದ ಸಿಡ್ನಿ ಕಾಟನ್ ಎಂಬ ಸಾಹಸಿ ವೈಮಾನಿಕ ಕರಾಚಿಯಿಂದ ಲ್ಯಾಂಕಾಸ್ಟ್ರಿಯನ್ ವಿಮಾನಗಳಲ್ಲಿ ಶಸ್ತ್ರಾಸ್ತ್ರ ತಂದು ನಿಜಾಮನ ನೆಲದಲ್ಲಿ ಇಳಿಸುತ್ತಿದ್ದ. ಇಳಿಯುತ್ತಿದ್ದ ತಾಣಗಳಲ್ಲಿ ಬೀದರ್ ಒಂದು. ಯುದ್ಧಕಾಲದ ಬಾಂಬರ್ ಅನ್ನೇ ಮಾರ್ಪಡಿಸಿ ಮಾಡಿದ ನಾಗರಿಕ ವಿಮಾನ ಲ್ಯಾಂಕಾಸ್ಟ್ರಿಯನ್. ಹೊರಗಿನಿಂದ ಪ್ರಯಾಣಿಕರದು, ಒಳಗೆ ಬಂದೂಕು. ಸೇನೆಯ ವಿಮಾನ ಯಾವುದು, ನಾಗರಿಕ ವಿಮಾನ ಯಾವುದು ಎಂಬ ಗೆರೆ ಈ ನೆಲದಲ್ಲಿ ಅಷ್ಟು ಹಿಂದೆಯೇ ಕಲಸಿಹೋಗಿತ್ತು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಭಾರತ ಸಂಸ್ಥಾನದ ಮೇಲೆ ನಡೆಸಿದ ಪೊಲೀಸ್ ಕಾರ್ಯಾಚರಣೆಯೊಂದಿಗೆ ಆ ಹಾರಾಟ ಮುಗಿಯಿತು. 1956ರಲ್ಲಿ ಬೀದರ್ ವಿಶಾಲ ಮೈಸೂರು ರಾಜ್ಯ ಸೇರಿತು. ರನ್‌ವೇ ವಾಯುಪಡೆಯ ಕೈಗೆ ಹೋಗಿ, ಕಾಲಕ್ರಮದಲ್ಲಿ ತರಬೇತಿ ಕೇಂದ್ರವಾಗಿ ಬೆಳೆಯಿತು.

ತರಬೇತಿ ಅಂದರೆ ಏನೆಂದು ಹೊರಗಿನವರಿಗೆ ಸುಲಭಕ್ಕೆ ಹೊಳೆಯುವುದಿಲ್ಲ. ಹೈದರಾಬಾದ್ ಪಕ್ಕದ ದುಂಡಿಗಲ್‌ನ ವಾಯುಪಡೆ ಅಕಾಡೆಮಿಯಲ್ಲಿ ಕೆಡೆಟ್‌ಗಳು ಹಾರುವುದನ್ನು ಕಲಿಯುತ್ತಾರೆ. ಅವರಲ್ಲಿ ಫೈಟರ್ ವಿಭಾಗಕ್ಕೆ ಆಯ್ಕೆಯಾದವರು ಮುಂದಿನ ಹಂತಕ್ಕೆ ಬೀದರಿಗೆ ಬಂದು ಹಾಕ್ ಜೆಟ್ ಹತ್ತುತ್ತಾರೆ. ಹಾಕ್ ಬಂದ ಕಥೆಯಲ್ಲಿ ದೇಶದ ಒಂದು ಸಂಕಟವಿದೆ. ಮಂದಗತಿಯ ತರಬೇತಿ ವಿಮಾನದಿಂದ ಇಳಿದ ಹುಡುಗರು ನೇರವಾಗಿ ಮಿಗ್-21ರಂಥ ಉರಿಕುದುರೆ ಏರಬೇಕಿತ್ತು. ಅಪಘಾತಗಳು ಸರಣಿಯಾಗಿ ನಡೆದವು. ನಡುವೆ ಒಂದು ಮೆಟ್ಟಿಲು ಬೇಕು, ಉನ್ನತ ಜೆಟ್ ತರಬೇತಿ ವಿಮಾನ ಬೇಕು ಎಂದು ಲಾ ಫಾಂಟೇನ್ ಸಮಿತಿ 1982ರಲ್ಲೇ ಹೇಳಿತ್ತು. ಬ್ರಿಟನ್ನಿನಿಂದ 66 ಹಾಕ್‌ಗಳನ್ನು ಕೊಳ್ಳುವ ಒಪ್ಪಂದಕ್ಕೆ ಸಹಿ ಬಿದ್ದದ್ದು 2004ರಲ್ಲಿ. ಇಪ್ಪತ್ತೆರಡು ವರ್ಷ! ಆ ಅರವತ್ತಾರರಲ್ಲಿ 42 ತಯಾರಾದದ್ದು ನಮ್ಮ ಬೆಂಗಳೂರಿನ ಎಚ್‌ಎಎಲ್ ವಿಮಾನ ಕಾರ್ಖಾನೆಯಲ್ಲಿ. 2008ರಲ್ಲಿ ಹಾಕ್ ವಿಧ್ಯುಕ್ತವಾಗಿ ವಾಯುಪಡೆಗೆ ಸೇರಿದ್ದು ಬೀದರಿನಲ್ಲೇ.

ನಾವು ಕಿಟಕಿಯಿಂದ ಎಣಿಸುತ್ತಿದ್ದ ‘ಕಲಿಯುವ ಹುಡುಗ’ ಕೊನೆಗೊಂದು ದಿನ ಹುಡುಗಿಯೂ ಆದಳು. 2016ರ ಜೂನ್‌ನಲ್ಲಿ ದುಂಡಿಗಲ್‌ನಲ್ಲಿ ಅಧಿಕಾರಿಗಳಾದ ದೇಶದ ಮೊದಲ ಮೂವರು ಮಹಿಳಾ ಫೈಟರ್ ಪೈಲಟ್‌ಗಳು, ಅವನಿ ಚತುರ್ವೇದಿ, ಭಾವನಾ ಕಾಂತ್, ಮೋಹನಾ ಸಿಂಗ್, ಹಾಕ್ ಹಾರಿಸಲು ಕಲಿತದ್ದು ಬೀದರಿನ ಆಕಾಶದಲ್ಲಿ. ಆ ವರ್ಷ ಊರಿನ ಯಾವ ಶಾಲೆಯ ಮೇಲೆ ಯಾರ ಹಾಕ್ ಹಾರಿತೋ ನಮಗೆ ತಿಳಿಯದು. ಆದರೂ ಅದರ ಹೆಮ್ಮೆಯಲ್ಲಿ ನಮಗೂ ಪಾಲಿದೆ ಎಂದೇ ನಾನು ನಂಬಿದ್ದೇನೆ.

ಸೂರ್ಯಕಿರಣ ತಂಡ ಹುಟ್ಟಿದ್ದೂ ಇಲ್ಲೇ, 1996ರಲ್ಲಿ, ಎಚ್‌ಎಎಲ್ ತಯಾರಿಸಿದ ಕಿರಣ್ ಜೆಟ್‌ಗಳೊಂದಿಗೆ. 2011ರಲ್ಲಿ ತರಬೇತಿ ವಿಮಾನಗಳ ಕೊರತೆಯಿಂದ ತಂಡ ನಿಂತಿತು. ಆಮೇಲೆ ಹಾಕ್‌ಗಳನ್ನೇರಿ ಮರಳಿತು. ಬೇರೆ ಊರಿನವರು ಟಿಕೆಟ್ ಕೊಂಡು ನೋಡುವುದನ್ನು ನಮ್ಮ ಹುಡುಗರು ಮಾಳಿಗೆಯ ಮೇಲೆ ಗಾಳಿಪಟ ಹಾರಿಸುತ್ತ ನೋಡಿದ್ದಾರೆ. ಅದರ ನೋವನ್ನೂ ನೋಡಿದ್ದಾರೆ. 2006ರಲ್ಲಿ, ಮತ್ತೆ 2009ರಲ್ಲಿ ಬೀದರಿನ ಬಳಿಯೇ ತಂಡದ ವಿಮಾನಗಳು ಬಿದ್ದು ಪೈಲಟ್‌ಗಳು ತೀರಿಕೊಂಡರು. 2019ರ ಫೆಬ್ರುವರಿಯಲ್ಲಿ ಯಲಹಂಕದಲ್ಲಿ ಏರ್ ಶೋಗೆ ಮುನ್ನ ತಾಲೀಮಿನ ವೇಳೆ ಎರಡು ಹಾಕ್‌ಗಳು ತಾಗಿ ಒಬ್ಬ ಅಧಿಕಾರಿ ಹೋದಾಗ, ಟಿವಿಯಲ್ಲಿ ಬೆಂಗಳೂರಿನ ಸುದ್ದಿಯಾಗಿ ಬಂದದ್ದು ಬೀದರಿನಲ್ಲಿ ನೆರೆಮನೆಯ ಸಾವಿನಂತೆ ಮುಟ್ಟಿತು. ಸದ್ದಿನ ಬಗ್ಗೆ ಗೊಣಗುವವರು ನಮ್ಮಲ್ಲಿ ಇಲ್ಲವೆಂದಲ್ಲ. ಮಲಗಿಸಿದ ಕೂಸು ಬೆಚ್ಚಿ ಎದ್ದರೆ ಯಾವ ತಾಯಿಗೂ ಬೇಸರವೇ. ಆದರೆ ಆ ಸದ್ದು ನಿಂತ ದಿನ ಏನಾಗಿದೆಯೋ ಎಂದು ಆತಂಕಪಡುವವರೂ ಅವರೇ.

ಇಂಥ ಕಡೆ ನಾಗರಿಕ ವಿಮಾನ ಬರುವ ವ್ಯವಸ್ಥೆಗೆ ‘ಸಿವಿಲ್ ಎನ್‌ಕ್ಲೇವ್’ ಎಂದು ಹೆಸರು. ದೊಡ್ಡಮನೆಯ ಹೊರಗೋಡೆಗೆ ಇನ್ನೊಂದು ಬಾಗಿಲು ಇಟ್ಟಂತೆ. ಟರ್ಮಿನಲ್ ಕಟ್ಟಡ, ವಾಹನ ನಿಲ್ಲುವ ಜಾಗ, ವಿಮಾನ ನಿಲ್ಲುವ ಏಪ್ರನ್, ಅಲ್ಲಿಂದ ಒಳಗೆ ಸೇರಿಕೊಳ್ಳುವ ಟ್ಯಾಕ್ಸಿವೇ, ಇವಿಷ್ಟು ನಾಗರಿಕರ ಪಾಲು. ರನ್‌ವೇ, ಅದರ ದೀಪಗಳು, ಕಂಟ್ರೋಲ್ ಟವರ್ ಎಲ್ಲ ಸೇನೆಯದು. ಪ್ರಯಾಣಿಕ ವಿಮಾನದ ಪೈಲಟ್ ಇಳಿಯಲು ಅನುಮತಿ ಕೇಳುವುದು ಸಮವಸ್ತ್ರದ ಅಧಿಕಾರಿಯನ್ನು. ಪುಣೆ, ಶ್ರೀನಗರ, ಲೇಹ್, ಜೋಧಪುರ, ಬಾಗ್ಡೋಗ್ರಾ, ಪ್ರಯಾಗರಾಜ್, ದರ್ಭಂಗಾ, ನೌಕಾಪಡೆಯ ಕೈಯಲ್ಲಿರುವ ಗೋವಾ ಮತ್ತು ವಿಶಾಖಪಟ್ಟಣ, ಎಲ್ಲ ಕಡೆಯೂ ಸ್ಥೂಲವಾಗಿ ಇದೇ ಬಗೆ. ಬೆಳಗಾವಿಯ ಸಾಂಬ್ರಾದಲ್ಲೂ ವಾಯುಪಡೆಯಿದೆ. ಆದರೆ ಅಲ್ಲಿನದು ಮುಖ್ಯವಾಗಿ ಯೋಧರಿಗೆ ನೆಲದ ಮೇಲೆ ಕೊಡುವ ತರಬೇತಿ. ಹಾಗಾಗಿ ರನ್‌ವೇಗೆ ಬೀದರಿನಲ್ಲಿರುವಷ್ಟು ಪೈಪೋಟಿಯಿಲ್ಲ.

ಪೈಪೋಟಿ ಎಂದರೆ ನಿಜಕ್ಕೂ ಏನು? ಕಲಿಯುವ ಪೈಲಟ್ ಒಮ್ಮೆ ಏರಿ ಒಮ್ಮೆ ಇಳಿದು ಮನೆಗೆ ಹೋಗುವುದಿಲ್ಲ. ಚಕ್ರ ರನ್‌ವೇ ಮುಟ್ಟಿದ ಕೂಡಲೇ ಮತ್ತೆ ವೇಗ ಕೊಟ್ಟು ಏರುತ್ತಾನೆ, ಸುತ್ತು ಹಾಕುತ್ತಾನೆ, ಮತ್ತೆ ಮುಟ್ಟುತ್ತಾನೆ. ಅಂಥ ಮೂರ್ನಾಲ್ಕು ವಿಮಾನ ಒಂದರ ಹಿಂದೊಂದು ಸುತ್ತುತ್ತಿರುವಾಗ ರನ್‌ವೇ ಒಂದು ಗಳಿಗೆಯೂ ಬರಿದಾಗಿರುವುದಿಲ್ಲ. ಆಗ ದಕ್ಷಿಣದಿಂದ ನಮ್ಮ ಪ್ರಯಾಣಿಕ ವಿಮಾನ ಬರುತ್ತದೆ. ಅದಕ್ಕೆ ಉದ್ದನೆಯ, ನೇರ, ನಿಧಾನದ ಇಳಿಹಾದಿ ಬೇಕು. ಅಷ್ಟು ಹೊತ್ತು ಸುತ್ತಿನಲ್ಲಿರುವವರನ್ನು ಆಚೆ ಸರಿಸಬೇಕು, ಇಲ್ಲವೇ ಇಳಿಸಬೇಕು. ಹಾಕ್‌ನ ಇಂಧನ ಅಳೆದು ತುಂಬಿದ್ದು. ಅದು ಮುಗಿಯುತ್ತ ಬಂದಿದ್ದರೆ ಕಾಯಬೇಕಾದ್ದು ನಾವು. ಒಬ್ಬಂಟಿಯಾಗಿ ಹಾರುತ್ತಿರುವ ಇಪ್ಪತ್ತೆರಡು ವರ್ಷದ ಹುಡುಗನನ್ನು ಆಕಾಶದಲ್ಲಿ ಸುಮ್ಮನೆ ಸುತ್ತಿಸಲು ಯಾವ ಅಧಿಕಾರಿಯೂ ಒಪ್ಪಲಾರ.

ಇನ್ನೊಂದು ತೊಡಕು ಕಿವಿಯದು. ಪ್ರಯಾಣಿಕ ವಿಮಾನಗಳು ಮಾತಾಡುವುದು ವಿಎಚ್‌ಎಫ್ ರೇಡಿಯೊದಲ್ಲಿ. ಯುದ್ಧ ವಿಮಾನಗಳು ಸಾಮಾನ್ಯವಾಗಿ ಯುಎಚ್‌ಎಫ್ ಬಳಸುತ್ತವೆ. ಒಂದೇ ಆಕಾಶದಲ್ಲಿದ್ದರೂ ಇವರ ಮಾತು ಅವರಿಗೆ ಕೇಳದು, ಅವರದು ಇವರಿಗೆ ಕೇಳದು. ಎರಡನ್ನೂ ಕೇಳುವವನು ಟವರಿನಲ್ಲಿ ಕೂತ ನಿಯಂತ್ರಕ. ಸಾಮಾನ್ಯ ನಿಲ್ದಾಣದಲ್ಲಿ ಪೈಲಟ್‌ಗಳು ಪರಸ್ಪರರ ಮಾತು ಕೇಳಿಸಿಕೊಂಡೇ ಯಾರು ಎಲ್ಲಿದ್ದಾರೆಂದು ಮನಸ್ಸಿನಲ್ಲಿ ಚಿತ್ರ ಬರೆದುಕೊಳ್ಳುತ್ತಾರೆ. ಹಂಚಿಕೊಂಡ ನಿಲ್ದಾಣದಲ್ಲಿ ಆ ಚಿತ್ರ ಪೂರ್ತಿಯಾಗಿರುವುದು ಒಬ್ಬನ ತಲೆಯಲ್ಲಿ ಮಾತ್ರ.

ಎತ್ತರ ಅಳೆಯುವುದರಲ್ಲೂ ಎರಡು ಸಂಪ್ರದಾಯಗಳಿವೆ. ನಾಗರಿಕ ಪೈಲಟ್‌ನ ಎತ್ತರಮಾಪಕ ಸಮುದ್ರಮಟ್ಟದಿಂದ ಲೆಕ್ಕ ಹಾಕುತ್ತದೆ. ಅವನು ಬೀದರಿನ ರನ್‌ವೇ ಮೇಲೆ ನಿಂತಿದ್ದರೂ ಮುಳ್ಳು ಎರಡು ಸಾವಿರ ಅಡಿ ದಾಟಿ ತೋರಿಸುತ್ತದೆ. ಸೇನೆಯ ವಾಡಿಕೆ ಬೇರೆ. ತನ್ನ ರನ್‌ವೇಯನ್ನೇ ಸೊನ್ನೆ ಎಂದಿಟ್ಟುಕೊಂಡು ಅಳೆಯುವುದು. ಯುದ್ಧದಲ್ಲಿ, ತರಬೇತಿಯಲ್ಲಿ, ನೆಲ ಇನ್ನೆಷ್ಟು ಕೆಳಗಿದೆ ಎಂಬುದು ತಕ್ಷಣ ತಿಳಿಯಬೇಕು, ಕಳೆಯುವ ಲೆಕ್ಕಕ್ಕೆ ಪುರುಸೊತ್ತಿಲ್ಲ. ಇಬ್ಬರದೂ ಅವರವರ ಕೆಲಸಕ್ಕೆ ಸರಿ. ಆದರೆ ಇಬ್ಬರೂ ‘ಮೂರು ಸಾವಿರ ಅಡಿ’ ಎಂದಾಗ ಅದು ಎರಡು ಬೇರೆ ಎತ್ತರ! ನಿಯಂತ್ರಕ ಒಂದನ್ನು ಇನ್ನೊಂದಕ್ಕೆ ಹೊಂದಿಸಿಕೊಂಡೇ ಅವರನ್ನು ದೂರವಿಡುತ್ತಾನೆ. ದಿನವೂ, ತಪ್ಪದೆ. ಇಂಥವರ ಹೆಸರು ಯಾವ ಉದ್ಘಾಟನಾ ಫಲಕದಲ್ಲೂ ಬರುವುದಿಲ್ಲ.

ನೆಲದ ಮೇಲೂ ಕೆಲಸವಿದೆ. ಜೆಟ್ ಎಂಜಿನ್ ಗಾಳಿಯೊಂದಿಗೆ ಹರಳನ್ನೂ ಒಳಗೆಳೆಯಬಲ್ಲದು, ಒಂದು ಹರಳು ಸಾಕು ಎಂಜಿನ್ ಕೆಡಲು. ಅದಕ್ಕೇ ವಾಯುನೆಲೆಗಳಲ್ಲಿ ಸಿಬ್ಬಂದಿ ಸಾಲಾಗಿ ನಡೆದು ಕಲ್ಲು, ಮೊಳೆ, ತಂತಿಯ ತುಂಡು ಹೆಕ್ಕುತ್ತಾರೆ, ನಮ್ಮ ಹೆಂಗಸರು ಮೊರದಲ್ಲಿ ಅಕ್ಕಿ ಆರಿಸಿದ ಹಾಗೆ. ಸುಖೋಯ್‌ನಂಥ ದೊಡ್ಡ ಫೈಟರ್‌ಗಳಿರುವ ಪುಣೆಯಲ್ಲಿ ವಿಮಾನ ಇಳಿದಾಗ ಬಾಲದಿಂದ ಬಿಚ್ಚಿಕೊಂಡ ಪ್ಯಾರಾಚೂಟನ್ನು ತೆಗೆದು ಮುಗಿಯುವವರೆಗೆ ಮುಂದಿನ ವಿಮಾನ ಬರುವಂತಿಲ್ಲ. ಫೈಟರ್ ನೆಲೆಗಳ ರನ್‌ವೇ ತುದಿಯಲ್ಲಿ ನಿಲ್ಲದೆ ಓಡಿಬಂದ ಜೆಟ್ ಹಿಡಿಯಲು ಎತ್ತರದ ಬಲೆ ಇರುತ್ತದೆ. ಪ್ರಯಾಣಿಕ ವಿಮಾನಕ್ಕೆ ಅದನ್ನು ಮಲಗಿಸಿ ದಾರಿ ಬಿಡಬೇಕು. ಪ್ರತಿಯೊಂದೂ ನಿಮಿಷ ತಿನ್ನುವ ಕೆಲಸ.

ನಿಮಿಷಗಳ ಜಗಳ ಎಷ್ಟು ದೂರ ಹೋಗಬಹುದೆಂದು ತಿಳಿಯಲು ಗೋವಾದ ದಾಬೋಳಿ ನೋಡಬೇಕು. ಅದೂ ಜಂಬಿಟ್ಟಿಗೆಯ ಪ್ರಸ್ಥಭೂಮಿಯೇ, ಮುರ್ಮುಗಾಂವ್ ಬಂದರಿನ ಮಗ್ಗುಲಲ್ಲಿ. 1950ರ ದಶಕದಲ್ಲಿ ಭಾರತ ದಿಗ್ಬಂಧನ ಹಾಕಿದಾಗ ಹೊರಜಗತ್ತಿಗೆ ಒಂದು ಬಾಗಿಲಿರಲಿ ಎಂದು ಪೋರ್ಚುಗೀಸರು ಕಟ್ಟಿಸಿದ ನಾಗರಿಕ ನಿಲ್ದಾಣ ಅದು. 1961ರ ಡಿಸೆಂಬರ್ 18ರ ಬೆಳಿಗ್ಗೆ ಪುಣೆಯಿಂದ ಹಾರಿದ 12 ಕ್ಯಾನ್‌ಬೆರಾ ಬಾಂಬರ್‌ಗಳು ಅದರ ರನ್‌ವೇ ಒಡೆದವು. ಟರ್ಮಿನಲ್ಲಿಗೆ ಹಾನಿಯಾಗದಂತೆ ಎಚ್ಚರ ವಹಿಸಿದ್ದವು. ಅದೇ ಬೆಳಿಗ್ಗೆ ಬೆಳಗಾವಿಯ ಸಾಂಬ್ರಾದಿಂದ ಎದ್ದ ಹಂಟರ್ ವಿಮಾನಗಳು ಬಾಂಬೋಲಿಮ್‌ನ ರೇಡಿಯೊ ಕೇಂದ್ರದ ಮೇಲೆ ಎರಗಿದವು. ಗೋವಾ ವಿಮೋಚನೆಯಲ್ಲಿ ಕರ್ನಾಟಕದ ಒಂದು ರನ್‌ವೇಯ ಪಾಲು ಇದು. ದಾಬೋಳಿಯಲ್ಲಿ ಉಳಿದಿದ್ದ ಎರಡು ನಾಗರಿಕ ವಿಮಾನಗಳು ಆ ರಾತ್ರಿ ಗಾಯಗೊಂಡ ರನ್‌ವೇಯಿಂದಲೇ ಎದ್ದು ಕರಾಚಿಗೆ ಪಾರಾದವು.

ಆಮೇಲೆ ದಾಬೋಳಿ ನೌಕಾಪಡೆಗೆ ಹೋಯಿತು. 1964ರಲ್ಲಿ ಅದರ ವಾಯುನೆಲೆ ಐಎನ್‌ಎಸ್ ಹಂಸ ಕೊಯಮತ್ತೂರು ಬಳಿಯ ಸೂಲೂರಿನಿಂದ ಇಲ್ಲಿಗೆ ಬಂದು ನೆಲೆಸಿತು. ವಿಮಾನವಾಹಕ ಹಡಗಿನಿಂದ ಹಾರುವವರೆಲ್ಲ ಕಲಿಯುವ ನೆಲೆ ಅದು. ಮೊದಲು ಸೀ ಹಾಕ್, 1983ರಿಂದ 2016ರವರೆಗೆ ಸೀ ಹ್ಯಾರಿಯರ್, ಈಗ ಮಿಗ್-29ಕೆ. ಹಡಗಿನ ಮೂತಿಯಂತೆ ಮೇಲೆ ಬಾಗಿದ ರನ್‌ವೇಯನ್ನು ನೆಲದ ಮೇಲೇ ಕಟ್ಟಿದ್ದಾರೆ. ಬೆಂಗಳೂರಿನಲ್ಲಿ ರೂಪುಗೊಂಡ ತೇಜಸ್‌ನ ನೌಕಾ ಮಾದರಿ 2019ರ ಸೆಪ್ಟೆಂಬರಿನಲ್ಲಿ ತಂತಿಗೆ ಕೊಕ್ಕೆ ಸಿಕ್ಕಿಸಿ ನಿಲ್ಲುವ ಕಸರತ್ತು ಮೊದಲು ಮಾಡಿ ತೋರಿಸಿದ್ದು ಅಲ್ಲೇ.

ಇಷ್ಟರ ನಡುವೆ ಗೋವಾಕ್ಕೆ ಪ್ರವಾಸಿಗರು ಬಂದರು, ಯುರೋಪಿನಿಂದ ಚಾರ್ಟರ್ ವಿಮಾನಗಳು ಬಂದವು. ನೌಕಾಪಡೆ ತನ್ನ ಹೊತ್ತನ್ನು ಬಿಟ್ಟುಕೊಡಲಿಲ್ಲ. ವಾರದ ಐದು ದಿನ, ಬೆಳಿಗ್ಗೆ ಎಂಟೂವರೆಯಿಂದ ಮಧ್ಯಾಹ್ನ ಒಂದರವರೆಗೆ ರನ್‌ವೇ ತರಬೇತಿಗೆ ಮೀಸಲು. ಪ್ರಯಾಣಿಕರೆಲ್ಲ ಉಳಿದ ಹೊತ್ತಿಗೆ ನುಗ್ಗಿದರು. ಮಧ್ಯಾಹ್ನ ಜಾತ್ರೆ, ನಡುರಾತ್ರಿ ಜಾತ್ರೆ. 2016ರ ಡಿಸೆಂಬರ್ 27ರ ನಸುಕಿನಲ್ಲಿ ಮುಂಬೈಗೆ ಹೊರಟ ಪ್ರಯಾಣಿಕ ವಿಮಾನವೊಂದು 161 ಜನರೊಂದಿಗೆ ರನ್‌ವೇಯಿಂದ ಜಾರಿ ಗಿರ್ರನೆ ತಿರುಗಿ ನಿಂತಿತು. ಕೆಲವರಿಗೆ ಗಾಯಗಳಾದವು, ಜೀವಗಳೆಲ್ಲ ಉಳಿದವು. ನೌಕಾನೆಲೆಯ ಹಾರಾಟ ಸ್ತಬ್ಧವಾಯಿತು. 2018ರ ಜನವರಿಯಲ್ಲಿ ಮಿಗ್-29ಕೆ ಒಂದು ರನ್‌ವೇ ಬಿಟ್ಟು ಓಡಿ ಉರಿಯಿತು. ಕಲಿಯುತ್ತಿದ್ದ ಪೈಲಟ್ ಪಾರಾದ. ಈ ಸಲ ಕಾದವರು ಪ್ರಯಾಣಿಕರು. ಒಂದೇ ಬಾವಿಯ ನೀರು ಕುಡಿಯುವ ಎರಡು ಮನೆಗಳ ಹಾಗೆ, ಒಬ್ಬರ ಕೊಡ ಬಿದ್ದರೆ ಇಬ್ಬರಿಗೂ ನೀರಿಲ್ಲ.

ಕೊನೆಗೆ ಗೋವಾ ಎರಡನೇ ಬಾವಿ ತೋಡಿತು. ಉತ್ತರದ ಮೋಪಾದಲ್ಲಿ ಕಟ್ಟಿದ ಹೊಸ ನಿಲ್ದಾಣ 2022ರ ಡಿಸೆಂಬರಿನಲ್ಲಿ ಉದ್ಘಾಟನೆಯಾಗಿ, ಮುಂದಿನ ಜನವರಿಯಿಂದ ವಿಮಾನಗಳನ್ನು ಕಂಡಿತು. ಆದರೆ ದಕ್ಷಿಣ ಗೋವಾದವರು ದಾಬೋಳಿ ಉಳಿಯಲೇಬೇಕೆಂದು ಪಟ್ಟು ಹಿಡಿದಿದ್ದಾರೆ. ಕಾರವಾರದವರಿಗೂ, ವಾಸ್ಕೋದಲ್ಲಿ ದುಡಿಯಲು ಹೋಗಿ ನೆಲೆಸಿದ ಸಾವಿರಾರು ಕನ್ನಡಿಗರಿಗೂ ಹತ್ತಿರದ ನಿಲ್ದಾಣ ಅದೇ.

ಗೋವಾಕ್ಕೆ ಎರಡನೇ ನಿಲ್ದಾಣ ಕಟ್ಟುವಷ್ಟು ಪ್ರವಾಸಿಗರಿದ್ದರು. ಬೀದರಿಗೆ ಆ ಭಾಗ್ಯವಿಲ್ಲ. ನಮಗೆ ಇರುವುದು ಒಂದೇ ವಾಯುನೆಲೆ. ಅದರ ದಾರಿಗೆ ವಾಯುಪಡೆಗಿಂತ ದೊಡ್ಡ ತಡೆಯಾಗಿದ್ದದ್ದು ಒಂದು ಕಾಗದ. ಹೈದರಾಬಾದಿನ ಶಂಶಾಬಾದ್ ನಿಲ್ದಾಣ ಕಟ್ಟಿದ ಖಾಸಗಿ ಕಂಪನಿಯೊಂದಿಗೆ ಕೇಂದ್ರ ಸರ್ಕಾರ 2004ರಲ್ಲಿ ಮಾಡಿಕೊಂಡ ಒಪ್ಪಂದದಲ್ಲಿ, 150 ಕಿ.ಮೀ. ವಾಯುದೂರದೊಳಗೆ ಹೊಸ ನಿಲ್ದಾಣಕ್ಕೆ ಅವಕಾಶ ಕೊಡುವಂತಿಲ್ಲ ಎಂಬ ಷರತ್ತಿತ್ತು. ಬೀದರ್ ಇರುವುದು ಸುಮಾರು 120 ಕಿ.ಮೀ. ದೂರದಲ್ಲಿ. ಮಹಾಯುದ್ಧದ ಕಾಲದ ರನ್‌ವೇ, 2008ರಲ್ಲಿ ಬಾಗಿಲು ತೆರೆದ ನಿಲ್ದಾಣದ ಮುಂದೆ ‘ಹೊಸದು’ ಎನಿಸಿಕೊಂಡಿತು! ಬೆಂಗಳೂರಿನಲ್ಲಿ ದೇವನಹಳ್ಳಿ ನಿಲ್ದಾಣ ಶುರುವಾದ ರಾತ್ರಿ ಹಳೆಯ ಎಚ್‌ಎಎಲ್ ನಿಲ್ದಾಣದ ಪ್ರಯಾಣಿಕ ಸೇವೆ ನಿಂತದ್ದರ ಹಿಂದೆಯೂ ಇಂಥದೇ ಷರತ್ತು. ಹೂಡಿಕೆದಾರನಿಗೆ ಭರವಸೆ ಬೇಕೆಂಬುದು ನನಗೂ ಅರ್ಥವಾಗುತ್ತದೆ. ಆದರೆ ಆ ಭರವಸೆಯ ಬೆಲೆ ತೆತ್ತದ್ದು ಯಾವ ಮಾತುಕತೆಗೂ ಕರೆಯದ ಒಂದು ಹಿಂದುಳಿದ ಜಿಲ್ಲೆ. ಕೊನೆಗೆ ಬೀದರಿನ ಟರ್ಮಿನಲ್ ನಡೆಸುವ ಹೊಣೆಯನ್ನು ಹೈದರಾಬಾದಿನ ಕಂಪನಿಯೇ ವಹಿಸಿಕೊಂಡ ಮೇಲೆ ಗಂಟು ಬಿಚ್ಚಿತು.

ಬಿಚ್ಚಿದ್ದು ಸರಿ, ಗಟ್ಟಿಯಾಗಿ ನಿಲ್ಲಲಿಲ್ಲ. ಮೊದಲ ವಿಮಾನ ಬಂದ ಎರಡು ತಿಂಗಳೊಳಗೆ ಕೋವಿಡ್ ಲಾಕ್‌ಡೌನ್. ಮುಂದೆ ಟ್ರೂಜೆಟ್ ಸೇವೆಯೇ ನಿಂತಿತು. 2022ರಲ್ಲಿ ಸ್ಟಾರ್ ಏರ್ ಐವತ್ತು ಸೀಟಿನ ಜೆಟ್ ತಂದಿತು. 2023ರ ಕೊನೆಗೆ ಅದೂ ನಿಂತಿತು. ರಾಜ್ಯದ ನೆರವಿನೊಂದಿಗೆ 2025ರ ಏಪ್ರಿಲ್‌ನಲ್ಲಿ ಮತ್ತೆ ಶುರುವಾಯಿತು. ಸೇವೆ ಹೀಗೆ ಮತ್ತೆ ಮತ್ತೆ ನಿಲ್ಲುವುದರ ಕಾರಣ ಗುಟ್ಟೇನಲ್ಲ. ಕೇಂದ್ರದ ಉಡಾನ್ ಯೋಜನೆ ಇಂಥ ಮಾರ್ಗಗಳಲ್ಲಿ ಅರ್ಧದಷ್ಟು ಸೀಟುಗಳ ದರಕ್ಕೆ ಮಿತಿ ಹಾಕಿ, ಕಂಪನಿಯ ನಷ್ಟ ತುಂಬಿಕೊಡುತ್ತದೆ. ಆ ಹಣದಲ್ಲಿ ಕೇಂದ್ರದ್ದು ಶೇ 80, ರಾಜ್ಯದ್ದು ಶೇ 20. ಅವಧಿ ಮೂರೇ ವರ್ಷ. ಅಷ್ಟರೊಳಗೆ ಮಾರ್ಗ ತನ್ನ ಕಾಲ ಮೇಲೆ ನಿಲ್ಲಬೇಕು. ಆದರೆ ನಿಲ್ಲಲು ಬೇಕಾದದ್ದು ದಿನಕ್ಕೆ ಎರಡು ಹಾರಾಟ, ಮುಂಜಾನೆ ಹೋಗಿ ಕೆಲಸ ಮುಗಿಸಿ ಸಂಜೆ ಮರಳುವ ಅನುಕೂಲ. ಹಂಚಿಕೊಂಡ ರನ್‌ವೇಯಲ್ಲಿ ಒಳ್ಳೆಯ ಹೊತ್ತು ಸಿಗುವುದೇ ಕಷ್ಟ. ವಾರಕ್ಕೆ ಕೆಲವೇ ದಿನ, ವಾಯುಪಡೆಗೆ ಬಿಡುವಿದ್ದ ಹೊತ್ತಿಗೆ ವಿಮಾನ ಬಂದರೆ ಜನ ಹೈದರಾಬಾದಿಗೇ ಕಾರು ಮಾಡುತ್ತಾರೆ. ಜನ ಹತ್ತಲಿಲ್ಲವೆಂದು ಸೇವೆ ನಿಲ್ಲುತ್ತದೆ. 2019ರಲ್ಲಿ ಶುರುವಾದ ಕಲಬುರಗಿ ನಿಲ್ದಾಣದ ರನ್‌ವೇ ಪೂರ್ತಿ ನಾಗರಿಕರದು. ಅಲ್ಲಿ ಈ ತೊಡಕಿಲ್ಲ.

ಸೇನೆಯನ್ನು ದೂರುವುದು ಇಲ್ಲಿ ನನ್ನ ಉದ್ದೇಶವಲ್ಲ. 2025ರ ಮೇ ತಿಂಗಳಲ್ಲಿ ಪಾಕಿಸ್ತಾನದ ಗಡಿಯಲ್ಲಿ ಕಾದಾಟ ನಡೆದಾಗ ಉತ್ತರ ಮತ್ತು ಪಶ್ಚಿಮ ಭಾರತದ 32 ನಿಲ್ದಾಣಗಳಲ್ಲಿ ನಾಗರಿಕ ಹಾರಾಟ ನಿಲ್ಲಿಸಿದರು. ಶ್ರೀನಗರ, ಜೋಧಪುರ, ಭುಜ್‌ನಂಥ ಹಂಚಿಕೊಂಡ ನಿಲ್ದಾಣಗಳು ಅದರಲ್ಲಿದ್ದವು. ಇಂಥ ರನ್‌ವೇಗಳು ಯಾತಕ್ಕಾಗಿ ಇವೆ ಎಂಬುದು ಆ ದಿನಗಳಲ್ಲಿ ಎಲ್ಲರಿಗೂ ತಿಳಿಯಿತು. ಅದೇ ತಿಂಗಳು, ರಕ್ಷಣಾ ನೆಲೆಗಳಲ್ಲಿ ಏರುವಾಗ ಇಳಿಯುವಾಗ ಹತ್ತು ಸಾವಿರ ಅಡಿಯವರೆಗೆ ಕಿಟಕಿಯ ಪರದೆ ಮುಚ್ಚಬೇಕೆಂಬ ಆದೇಶವೂ ಬಂತು. ಮುಚ್ಚಿದೆವು, ಅದರಲ್ಲಿ ತಕರಾರಿರಲಿಲ್ಲ. ಪುಣೆಯಲ್ಲಿ 2021ರ ಅಕ್ಟೋಬರಿನಲ್ಲಿ ರನ್‌ವೇ ದುರಸ್ತಿಗೆಂದು ವಾಯುಪಡೆ ಎರಡು ವಾರ ಎಲ್ಲ ನಾಗರಿಕ ವಿಮಾನ ನಿಲ್ಲಿಸಿದಾಗ ಆ ಮಹಾನಗರವೂ ತಡೆದುಕೊಂಡಿತು.

ನನ್ನ ಮನಸ್ಸಿನಲ್ಲಿರುವುದು ಬೇರೆ. ಗೋವಾದಲ್ಲಿ ಎಂಟೂವರೆಯಿಂದ ಒಂದು ಗಂಟೆಯವರೆಗೆ ನೌಕಾಪಡೆಯದು ಎಂದು ಊರಿಗೆಲ್ಲ ಗೊತ್ತು. ಅದು ಕಷ್ಟದ ನಿಯಮವಾದರೂ ತಿಳಿದ ನಿಯಮ. ಅದರ ಸುತ್ತ ಹೋಟೆಲು, ಟ್ಯಾಕ್ಸಿ, ಮದುವೆ ಎಲ್ಲ ಹೊಂದಿಕೊಂಡವು. ಬೀದರಿಗೂ ಹಾಗೆ ಬರೆದುಕೊಟ್ಟ ಹೊತ್ತು ಬೇಕು. ಮುಂಜಾನೆ ಒಂದು ತಾಸು, ಸಂಜೆ ಒಂದು ತಾಸು. ಯಾವ ಕಂಪನಿ ಬಂದರೂ ಹೋದರೂ ಅದು ಊರಿನ ಹೊತ್ತಾಗಿ ಉಳಿಯಬೇಕು. ಗುರುನಾನಕ್ ಝೀರಾಕ್ಕೆ ಪಂಜಾಬಿನಿಂದ ಬರುವ ಭಕ್ತರಿದ್ದಾರೆ, ಬಸವಕಲ್ಯಾಣಕ್ಕೆ ಬರುವ ಶರಣರಿದ್ದಾರೆ, ಬಿದರಿ ಪಾತ್ರೆ ಕೊಳ್ಳುವವರಿದ್ದಾರೆ, ಬೆಂಗಳೂರಿನ ಆಸ್ಪತ್ರೆಗೆ ಹೋಗಬೇಕಾದ ಮುದುಕರಿದ್ದಾರೆ. ಹೊತ್ತು ಗೊತ್ತಿದ್ದರೆ ಅವರು ಹೊಂದಿಸಿಕೊಂಡು ಬರುತ್ತಾರೆ. ಇದೇ ಮಾತು ಕರಾವಳಿಗೂ ಸಲ್ಲುತ್ತದೆ. ಅಂಕೋಲಾ ತಾಲೂಕಿನ ಅಲಗೇರಿಯಲ್ಲಿ ನೌಕಾಪಡೆಯ ನಿಲ್ದಾಣದ ಜೊತೆಗೆ ನಾಗರಿಕ ಎನ್‌ಕ್ಲೇವ್ ಮಾಡುವ ಯೋಜನೆಗೆ ಜನ ಜಮೀನು ಕೊಡಬೇಕಾಗಿ ಬಂದಿದೆ, ಸೀಬರ್ಡ್ ನೌಕಾನೆಲೆಗೆ ಒಮ್ಮೆ ಊರುಗಳನ್ನೇ ಬಿಟ್ಟುಕೊಟ್ಟ ಜಿಲ್ಲೆಯಲ್ಲಿ. ಅವರು ಪರಿಹಾರದ ಮೊತ್ತದ ಜೊತೆಗೆ ಗಂಟೆಗಳ ಲೆಕ್ಕವನ್ನೂ ಈಗಲೇ ಕೇಳಿ ಬರೆಸಿಕೊಳ್ಳಲಿ. ನೆಲ ಹೋದ ಮೇಲೆ ಹೊತ್ತು ಕೇಳುವುದು ಬಲು ಕಷ್ಟ ಎಂದು ಬೀದರಿನವನಾಗಿ ಹೇಳುತ್ತಿದ್ದೇನೆ.

ಕಳೆದ ಬಾರಿ ಅವ್ವನನ್ನು ಬೆಂಗಳೂರಿಗೆ ಕರೆದೊಯ್ಯಲು ಟರ್ಮಿನಲ್ಲಿಗೆ ಹೋಗಿದ್ದೆ. ಅವಳಿಗೆ ಅದು ಮೊದಲ ವಿಮಾನ. ಎಪ್ಪತ್ತು ವರ್ಷ ಕೆಳಗಿನಿಂದ ನೋಡಿದ್ದನ್ನು ಒಳಗಿನಿಂದ ನೋಡಲು ಹೊಸ ಇಳಕಲ್ ಸೀರೆ ಉಟ್ಟಿದ್ದಳು. ವಿಮಾನದ ಹೊತ್ತು ಮೀರಿತ್ತು. ನಾನು ಮತ್ತೆ ಮತ್ತೆ ಗಡಿಯಾರ ನೋಡುವುದನ್ನು ಕಂಡು ಅಲ್ಲಿ ಕೆಲಸ ಮಾಡುವ ನಮ್ಮೂರಿನ ಹುಡುಗ ಬಂದು ಹೇಳಿದ: “ಸ್ವಲ್ಪ ತಡೀರಿ ಅಣ್ಣಾ, ಮ್ಯಾಲ ಎರಡ್ ಹಾಕ್ ಅವ. ಅವು ಇಳೀಲಿ, ಆಮ್ಯಾಲ ನಮ್ದು ಬರ್ತದ.”

ಅವ್ವ ಅಡುಗೆಮನೆಯ ಕಿಟಕಿ ಹಾಕಿದೆನೋ ಇಲ್ಲವೋ ಎಂಬ ಚಿಂತೆಯಲ್ಲಿದ್ದಳು. “ಕಿಟಕಿ ತೆರದಿದ್ರೂ ಚಿಂತಿಲ್ಲ ಬಿಡು, ನಾ ಬಾಜೂಮನಿ ಫಾತಿಮಾನ ಕೈಯಾಗ...” ಎನ್ನುವಷ್ಟರಲ್ಲಿ ಟರ್ಮಿನಲ್ಲಿನ ಗಾಜೆಲ್ಲ ನಡುಗಿತು. ಒಂದು ಹಾಕ್ ರನ್‌ವೇ ಮುಟ್ಟಿ ಮತ್ತೆ ಏರಿತು. ಅವ್ವ ಬಾಯಿ ಹಾಗೇ ನಿಲ್ಲಿಸಿ, ಕೈ ಎತ್ತಿ ಹಿಡಿದು ಕಾದಳು. ಸದ್ದು ಚಿದ್ರಿ ಕಡೆ ಕರಗಿತು.

“...ಕೀಲಿ ಕೊಟ್ಟ ಬಂದೀನಿ” ಎಂದಳು.